ಮನೇಲೇ ಕೂತು ಎಂ.ಎ ಮಾಡೋದಾ, ಮಾನಸಗಂಗೋತ್ರಿಗೆ ಹೋಗೋದಾ? ಕ್ಲಾಸಿಂದ ಆಚೆ ನಿಮಗೆ ಉಳಿದಿದ್ದೇನು?

ಹೊಳಲ್ಕೆರೆ_ಹುಡುಗಿ:
ಎಲ್ರಿಗೂ ನಮಸ್ಕಾರ. ನಂದು ಬಿ.ಎ ಮುಗೀತು, ಮೈಸೂರು ಯೂನಿವರ್ಸಿಟೀಲಿ ಎಂ.ಎ ಎಕನಾಮಿಕ್ಸ್‌ಗೆ ಸೀಟ್ ಸಿಕ್ಕಿದೆ. ನಮ್ಮ ಮನೇಲಿ ಡಿಗ್ರಿ ಮುಗಿಸಿರೋದೇ ನಾನು ಮೊದಲು. ಅಪ್ಪ ಬೇಡ ಅಂತಿಲ್ಲ, ಆದ್ರೆ ದಿನಾ ಊಟಕ್ಕೆ ಕೂತಾಗ ಒಂದೇ ಮಾತು, "ಓದೋದು ತಾನೆ, ಮುಕ್ತ ವಿವಿಗೆ ಕಟ್ಟಿ ಮನೇಲೇ ಓದು, ಡಿಗ್ರಿ ಎರಡೂ ಒಂದೇ ಅಂತಾರಲ್ಲ, ಹಾಸ್ಟೆಲ್ಲು ಊಟ ಬಸ್ಸು ಅಂತ ಅಷ್ಟು ದುಡ್ಡು ಯಾಕೆ." ಈ ಸಲ ಅಡಿಕೇಲೂ ಏನೂ ಸಿಕ್ಕಿಲ್ಲ, ಅವರ ಕಷ್ಟ ನಂಗೆ ಗೊತ್ತು. ನನಗೆ ಹೋಗ್ಬೇಕು ಅನ್ಸುತ್ತೆ, ಆದ್ರೆ ಯಾಕೆ ಅಂತ ಬಾಯ್ಬಿಟ್ಟು ಹೇಳೋಕೆ ಬರ್ತಿಲ್ಲ. ಯೂನಿವರ್ಸಿಟೀಲಿ ಇದ್ದು ಓದಿದವರು ಹೇಳಿ, ಪಾಠ ಪರೀಕ್ಷೆ ಬಿಟ್ಟು ಇವತ್ತಿಗೂ ನಿಮ್ಮ ಹತ್ರ ಉಳಿದಿರೋದು ಏನು? ಉತ್ತರಗಳನ್ನ ಅಪ್ಪಂಗೆ ಓದಿ ಹೇಳ್ತೀನಿ.

ಕೆರೆ_ಏರಿ:
ನಾನು 2008ರಿಂದ 2010 ಮೈಸೂರಲ್ಲಿ ಎಂ.ಕಾಂ ಮಾಡಿದ್ದು. ಸಿಲಬಸ್‌ನಲ್ಲಿ ಓದಿದ ಕಾಸ್ಟ್ ಅಕೌಂಟಿಂಗ್ ಅರ್ಧ ಮರ್ತೋಗಿದೆ, ಆದ್ರೆ ಮೆಸ್ ಲೆಕ್ಕ ಮಾತ್ರ ಇವತ್ತಿಗೂ ನೆನಪಿದೆ. ಯಾವ ಹಾಸ್ಟೆಲ್ ಅಂತ ಬೇಡ. ನಮ್ಮಲ್ಲಿ ಡಿವೈಡಿಂಗ್ ಸಿಸ್ಟಂ ಇತ್ತು, ಅಂದ್ರೆ ತಿಂಗಳಿಗೆ ಅಕ್ಕಿ ಬೇಳೆ ತರಕಾರಿ ಗ್ಯಾಸು ಎಲ್ಲಾ ಸೇರಿ ಎಷ್ಟಾಯ್ತೋ ಅದನ್ನ ಊಟ ಮಾಡಿದವರ ತಲೆಗೆ ಹಂಚೋದು, ಊರಿಗೆ ಹೋದೋರಿಗೆ ಅಷ್ಟು ದಿನದ್ದು ಕಳೆಯೋದು, ಗೆಸ್ಟ್ ಕರ್ಕೊಂಡು ಬಂದ್ರೆ ಸೇರಿಸೋದು. ಪ್ರತಿ ತಿಂಗಳು ಒಬ್ರು ಮೆಸ್ ಸೆಕ್ರೆಟರಿ. ನನ್ನ ಸರದಿ ಬಂದಾಗ ಬೆಳಿಗ್ಗೆ ಐದಕ್ಕೆಲ್ಲಾ ಎದ್ದು ಅಡುಗೆಯವರ ಜೊತೆ ತರಕಾರಿ ಮಾರ್ಕೆಟ್ಟಿಗೆ ಹೋಗ್ತಿದ್ದೆ, ಅಲ್ಲೀವರ್ಗೂ ನಾನು ಮೂಟೆ ಲೆಕ್ಕದಲ್ಲಿ ಈರುಳ್ಳಿ ಚೌಕಾಸಿ ಮಾಡಿದವಳೇ ಅಲ್ಲ.

ತಿಂಗಳ ಕೊನೇಲಿ ಬಿಲ್ಲು ಬರೆದು ನೋಟಿಸ್ ಬೋರ್ಡಿಗೆ ಅಂಟಿಸ್ದೆ. ರಾತ್ರಿ ಊಟದ ಹೊತ್ತಿಗೆ ಬೀದರಿನ ಒಬ್ಬ ಹುಡುಗಿ ತಟ್ಟೆ ಹಿಡ್ಕೊಂಡೇ ನಿಂತು, ಎಣ್ಣೆ ಟಿನ್ನು ಆರು ಅಂತ ಬರ್ದೀರಿ, ಸ್ಟೋರಿಗೆ ಇಳ್ಸಿದ್ದು ಐದು, ನಾನೇ ನೋಡೀನಿ ಅಂದ್ಲು. ನಂಗೆ ಕಿವಿ ಎಲ್ಲಾ ಬಿಸಿಯಾಯ್ತು. ರೂಮಿಗೆ ಓಡಿ ಹೋಗಿ ಚೀಟಿ ತಂದು ನೋಡಿದ್ರೆ ಅವಳು ಹೇಳಿದ್ದೇ ಸರಿ, ಅಂಗಡಿಯವನು ಐದೇ ಬರ್ದಿದ್ದ, ನಾನು ಪುಸ್ತಕಕ್ಕೆ ಇಳಿಸುವಾಗ ಆರು ಮಾಡಿದ್ದೆ. ಹದಿನೈದು ಕೆಜಿ ಟಿನ್ನು, ಆಗ ಒಂಬೈನೂರು ರೂಪಾಯಿ ಇತ್ತು, 84 ಜನಕ್ಕೆ ಹಂಚಿದ್ರೆ ತಲೆಗೆ ಹತ್ತೋ ಹನ್ನೊಂದೋ ರೂಪಾಯಿ ಅಷ್ಟೆ. ಆದ್ರೆ ಅಲ್ಲಿ ಎಷ್ಟೋ ಹುಡುಗೀರು ಸ್ಕಾಲರ್‌ಶಿಪ್ ಬರೋವರ್ಗೂ ಬಿಲ್ಲು ಕಟ್ಟೋಕೆ ಒದ್ದಾಡ್ತಿದ್ರು, ಅವರಿಗೆ ಹತ್ತು ರೂಪಾಯಿ ಅಂದ್ರೆ ಹತ್ತು ರೂಪಾಯಿನೇ. 84 ಜನದ ಮುಂದೆ ನಿಂತು ತಪ್ಪು ನಂದೇ, ನಾಳೆ ಬೇರೆ ಬಿಲ್ಲು ಹಾಕ್ತೀನಿ ಅಂದೆ. ಯಾರೂ ಬೈಲಿಲ್ಲ. ಆ ಹುಡುಗೀನೇ ಬಂದು ಕೂತು ರಾತ್ರಿ ಒಂದು ಗಂಟೆವರೆಗೂ ಜೊತೆಗೆ ಲೆಕ್ಕ ಮಾಡ್ಸಿದ್ಲು.

ಈಗ ನಾನು ಒಂದು ಸಹಕಾರ ಸಂಘದಲ್ಲಿ ಅಕೌಂಟೆಂಟು. ಯಾರಾದ್ರೂ ಸದಸ್ಯರು ಪಾಸ್‌ಬುಕ್ ಹಿಡ್ಕೊಂಡು ಬಂದು ಇದು ತಪ್ಪಿದೆ ಅಂದ್ರೆ ಮೊದಲು ವೋಚರ್ ತೆಗೀತೀನಿ, ಮಾತು ಆಮೇಲೆ. ಇದನ್ನ ಯಾವ ಮೇಷ್ಟ್ರೂ ಹೇಳ್ಕೊಟ್ಟಿದ್ದಲ್ಲ.

ಧಾರವಾಡ_ಮಳಿ:
ನಾ ಸಿಂದಗಿ ಕಡಿಯಾವ, ಓದಿದ್ದು ಕರ್ನಾಟಕ ವಿಶ್ವವಿದ್ಯಾಲಯದಾಗ, ಧಾರವಾಡ. ಅಕ್ಕಾರು ಮೆಸ್ಸಿಂದು ಹೇಳ್ಯಾರ, ನಾ ವಿದ್ಯಾವರ್ಧಕ ಸಂಘದ್ದು ಹೇಳ್ತೀನಿ. 1890ರಾಗ ಶುರು ಆಗಿದ್ ಸಂಘ ಅದು, ಸಂಜೀಕ ಏನರ ಒಂದು ಉಪನ್ಯಾಸ ಇದ್ದ ಇರತಿತ್ತು, ರೊಕ್ಕಾ ಕೊಡೂದಿಲ್ಲ ಏನಿಲ್ಲ, ಸುಮ್ನ ಹೋಗಿ ಕುಂಡ್ರೂದು. ಯೂನಿವರ್ಸಿಟಿ ಗುಡ್ಡ ಇಳದು ಗೆಳ್ಯಾರು ಮೂರು ಮಂದಿ ಹೋಗ್ತಿದ್ವಿ. ಒಮ್ಮೆ ಕೆರಿ ನೀರಿನ ಬಗ್ಗೆ ಒಬ್ರು ಹಿರ್ಯಾರು ಮಾತಾಡಿದ್ರು, ನಮ್ಮೂರ ಕೆರಿ ಹೂಳು ತುಂಬಿ ಹಾಳಾಗಿತ್ತು, ನನಗ ಕೇಳ್ಬೇಕಾಗಿತ್ತು, ಎದ್ದು ನಿಂತೆ, ಕಾಲು ಗಡಗಡ ನಡಗಾಕತ್ತಿದ್ವು, ಅರ್ಧ ಕೇಳಿ ಕುಂತ ಬಿಟ್ಟೆ. ಅವ್ರು ಮೈಕ್ ಸರಿಸಿ, "ಕುಂಡ್ರಬ್ಯಾಡೋ ತಮ್ಮಾ, ಪೂರ್ತಿ ಕೇಳು" ಅಂದ್ರು. ಮತ್ತ ನಿಂತು ಕೇಳಿದೆ. ಈಗ ನಮ್ಮೂರ ಗ್ರಾಮಸಭಾದಾಗ ನಾ ನಿಂತ್ರ ಪೂರ್ತಿ ಕೇಳಿನ ಕುಂಡ್ರೂದು.
ತಂಗೀ, ಹೋಗವಾ ಮೈಸೂರಿಗೆ.

ರಾತ್ರಿಪಾಳಿ:
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ನರ್ಸು, ಡ್ಯೂಟಿ ಮಾಡ್ಕೊಂಡೇ ಮುಕ್ತ ವಿವಿಯಲ್ಲಿ ಎಂ.ಎ ಕನ್ನಡ ಮುಗಿಸ್ದೆ. 1996ರಲ್ಲಿ ಆ ವಿವಿ ಆಗದೇ ಇದ್ದಿದ್ರೆ ನನ್ನಂಥೋರು ಓದ್ತಾನೇ ಇರ್ಲಿಲ್ಲ. ಸಂಪರ್ಕ ತರಗತೀಲಿ ನನ್ನ ಬೆಂಚಲ್ಲಿ ಒಬ್ಬರು ಕಂಡಕ್ಟರ್, ಒಬ್ಬರು ಪೊಲೀಸು, ಐವತ್ತು ದಾಟಿದ ಅಂಗನವಾಡಿ ಟೀಚರ್ ಒಬ್ಬರು. ವಚನ ಪಾಠ ಆದ್ರೆ ಆ ಟೀಚರಮ್ಮ ಪುಸ್ತಕಾನೇ ತೆರೀತಿರ್ಲಿಲ್ಲ, ಎಲ್ಲಾ ಬಾಯಲ್ಲೇ. ಅಲ್ಲೂ ಜನ ಸಿಗ್ತಾರೆ. ಆದ್ರೆ ನಿಜ ಹೇಳ್ಬೇಕಂದ್ರೆ ಅದು ವರ್ಷಕ್ಕೆ ಒಂದಷ್ಟು ದಿನ ಅಷ್ಟೆ, ಮುಗಿದ ತಕ್ಷಣ ಎಲ್ರೂ ಬಸ್ಸಿಗೆ ಓಡ್ತಿದ್ವಿ, ಜಗಳ ಆಡೋಕೂ ರಾಜಿ ಆಗೋಕೂ ಟೈಮ್ ಇರ್ತಿರ್ಲಿಲ್ಲ. ನಿಮಗಿನ್ನೂ ಸಂಸಾರದ ಜವಾಬ್ದಾರಿ ಇಲ್ಲ, ಸೀಟೂ ಸಿಕ್ಕಿದೆ. ದುಡ್ಡಿನ ವಿಷಯಕ್ಕೆ ಸರ್ಕಾರಿ ಹಾಸ್ಟೆಲ್‌ಗೂ ಸ್ಕಾಲರ್‌ಶಿಪ್ ಪೋರ್ಟಲ್‌ಗೂ ಈಗ್ಲೇ ಅರ್ಜಿ ಹಾಕಿ, ಜಾತಿ ಆದಾಯ ಸರ್ಟಿಫಿಕೇಟು ರೆಡಿ ಇಟ್ಕೊಳ್ಳಿ, ಕೊನೇ ದಿನ ಸರ್ವರ್ ನಂಬ್ಬೇಡಿ.

ಕೆರೆ_ಏರಿ:
ಹೌದು, ಅರ್ಜಿ ಮೊದಲು ಹಾಕಿ. ಇನ್ನೊಂದು, ಅಡ್ಮಿಷನ್ ದಿನ ಅಪ್ಪಾಜೀನೂ ಕರ್ಕೊಂಡು ಬನ್ನಿ. ಫೀಸು ಕಟ್ಟಿದ ತಕ್ಷಣ ವಾಪಸ್ ಹೋಗ್ಬೇಡಿ, ಹಂಗೇ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಸ್ಕೊಂಡು ಹೋಗಿ, ಹೆಜ್ಜಾರ್ಲೆ ಹಕ್ಕಿ ಕಂಡ್ರೂ ಕಾಣ್ಬಹುದು. ಮಗಳು ಎಲ್ಲಿ ಇರ್ತಾಳೆ ಅಂತ ಕಣ್ಣಲ್ಲಿ ನೋಡಿದ್ರೆ ಅರ್ಧ ಭಯ ಹೋಗುತ್ತೆ, ನಮ್ಮಪ್ಪಂದು ಹಂಗೇ ಹೋಗಿದ್ದು. ಮಾನಸಗಂಗೋತ್ರಿ ಕಟ್ಟಿಸಿದ್ದು, ಆ ಹೆಸರಿಟ್ಟಿದ್ದು ಕುವೆಂಪು ಅವ್ರು, ವೈಸ್ ಚಾನ್ಸಲರ್ ಆಗಿದ್ದಾಗ, ಅಂತ ಗೊತ್ತಾದಾಗ ನಮ್ಮಪ್ಪ ಚಪ್ಪಲಿ ಬಿಟ್ಟು ನಿಂತಿದ್ರು.

ಹೊಳಲ್ಕೆರೆ_ಹುಡುಗಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಎಲ್ಲಾ ಓದಿ ಹೇಳ್ದೆ. ಅಪ್ಪ ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಎಲೆ ಅಡಿಕೆ ಹಾಕ್ಕೊಂಡು ಒಂದೇ ಕೇಳಿದ್ರು, ಆ ಎಣ್ಣೆ ಟಿನ್ನಿನ ಹುಡುಗಿ ಈಗ ಏನ್ ಮಾಡ್ತಾಳಂತೆ ಅಂತ.

ಕೆರೆ_ಏರಿ:
ಬೀದರ್ ಹತ್ರ ಹೈಸ್ಕೂಲಲ್ಲಿ ಟೀಚರು. ನನ್ನ ಮಗಳ ನಾಮಕರಣಕ್ಕೆ ಒಂದು ರಾತ್ರಿ ಪೂರ್ತಿ ಬಸ್ಸಲ್ಲಿ ಕೂತು ಬಂದಿದ್ಲು. ಅಪ್ಪಾಜಿ ಬೇಕು ಅಂದ್ರೆ ಭಾನುವಾರ ಫೋನಲ್ಲಿ ಮಾತಾಡಿಸ್ತೀನಿ, ನಂಗೆ ಮೆಸೇಜ್ ಹಾಕಿ.