12 ಕೋರ್ಸ್‌ನ ಫಾರ್ಮ್ ಟು ಟೇಬಲ್ ಊಟಕ್ಕೆ ಮೊದಲ ಸಲ ಹೋಗ್ತಿದೀನಿ, ಹೊಟ್ಟೆ ತುಂಬುತ್ತಾ?

ಹೊಸಬಾಣಲೆ:
ಬರೋ ಶನಿವಾರ ನಮ್ಮ ಮದುವೆ ವಾರ್ಷಿಕೋತ್ಸವ. ಹೆಂಡ್ತಿ ಎರಡು ತಿಂಗಳ ಹಿಂದೆನೇ ಗುಟ್ಟಾಗಿ ಒಂದು ಫಾರ್ಮ್ ಟು ಟೇಬಲ್ (ಹೊಲದಿಂದ ನೇರ ತಟ್ಟೆಗೆ ಅನ್ನೋ) ರೆಸ್ಟೋರೆಂಟಲ್ಲಿ ಟೇಸ್ಟಿಂಗ್ ಮೆನು (ಶೆಫ್ ಆರಿಸಿದ್ದನ್ನೇ ಸ್ವಲ್ಪಸ್ವಲ್ಪ ಬಡಿಸೋ ಊಟ) ಬುಕ್ ಮಾಡಿ ದುಡ್ಡೂ ಕಟ್ಟಿಬಿಟ್ಟಿದಾಳೆ, ನಿನ್ನೆ ಹೇಳಿದ್ಳು. 12 ಕೋರ್ಸ್ ಅಂತೆ, ಅಂದ್ರೆ ಒಂದಾದ ಮೇಲೊಂದು 12 ತಟ್ಟೆ. ವೆಬ್‌ಸೈಟಲ್ಲಿ ಹುಡುಕಿದ್ರೆ ಮೆನುನೇ ಇಲ್ಲ, "ಆವತ್ತು ಹೊಲ ಏನು ಕೊಡುತ್ತೋ ಅದು" ಅಂತ ಒಂದು ಸಾಲು, ಪಕ್ಕದಲ್ಲಿ ಮಣ್ಣು ಮೆತ್ತಿದ ಮೂಲಂಗಿ ಫೋಟೋ, ಅಷ್ಟೇ. ಬೇರೆ ಫೋಟೋ ನೋಡಿದ್ರೆ ಗಾಡಿ ಚಕ್ರದಷ್ಟಗಲ ತಟ್ಟೆ, ನಟ್ಟನಡುವೆ ಒಂದು ಎಲೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಆಗಿ ಮನೆಗೆ ಬಂದು ಒಲೆ ಹಚ್ಚೋ ಪರಿಸ್ಥಿತಿ ಬರುತ್ತಾ ಅನ್ನೋದೇ ನನ್ನ ಭಯ.

ಇನ್ನೂ ಎರಡು ಡೌಟು. ಅವಳಿಗೆ ಗೋಡಂಬಿ ಬಾದಾಮಿ ಥರದ್ದೆಲ್ಲ ಅಲರ್ಜಿ, ನನಗೆ ಬದನೆಕಾಯಿ ಕಂಡ್ರೆ ಆಗಲ್ಲ (ಅಲರ್ಜಿ ಏನಿಲ್ಲ, ಚಿಕ್ಕಂದಿನಿಂದ ಸೇರಲ್ಲ ಅಷ್ಟೇ), ಇದನ್ನೆಲ್ಲ ಯಾವಾಗ ಹೇಳ್ಬೇಕು? ಆಮೇಲೆ ಇವರು ನಿಜವಾಗ್ಲೂ ಹೊಲದಿಂದ ತರ್ತಾರಾ ಇಲ್ಲ ಬರೀ ಬಣ್ಣದ ಮಾತಾ, ಕೂತ ಜಾಗದಲ್ಲೇ ಕಂಡುಹಿಡಿಯೋಕೆ ಆಗುತ್ತಾ?

ಮೂಲೆಟೇಬಲ್:
ಹಸಿವಿನ ಚಿಂತೆ ಬಿಡಿ. ನಾನು ಹೋದಾಗ ಉಲ್ಟಾ ಆಯ್ತು. ಮೂರನೇ ಕೋರ್ಸ್ ಆದ್ಮೇಲೆ ಬಿಸಿಬಿಸಿ ಬ್ರೆಡ್ಡು, ಪಕ್ಕದಲ್ಲಿ ಅವರೇ ಕಡೆದ ಬೆಣ್ಣೆ ಇಟ್ರು, ಅದು ಎಂಥಾ ರುಚಿ ಅಂದ್ರೆ ಇಬ್ಬರೂ ಸೇರಿ ಇಡೀ ಬ್ರೆಡ್ ಮುಗಿಸಿ ಇನ್ನೊಂದು ಕೇಳಿ ಅದನ್ನೂ ಮುಗಿಸಿದ್ವಿ, ಒಂಬತ್ತನೇ ಕೋರ್ಸ್ ಬರೋ ಹೊತ್ತಿಗೆ ನಾನು ಬೆಲ್ಟ್ ಸಡಿಲ ಮಾಡಿ ಕೂತಿದ್ದೆ, ಮುಖ್ಯವಾದ ಐಟಂ ಅರ್ಧ ಹಾಗೇ ವಾಪಸ್ ಹೋಯ್ತು. ಒಂದೊಂದೂ ಎರಡು ಮೂರು ತುತ್ತೇ, ಆದ್ರೆ ಹನ್ನೆರಡು ಸಲ ಬರುತ್ತಲ್ಲ. ಮಧ್ಯಾಹ್ನ ಹಗುರವಾಗಿ ತಿನ್ನಿ, ಪೂರ್ತಿ ಉಪವಾಸ ಮಾತ್ರ ಬೇಡ, ಹಸಿದು ಹೋದ್ರೆ ಬ್ರೆಡ್ಡಿಗೇ ಬಲಿ ಆಗ್ತೀರ.

ಟೈಮ್ ಮೂರು ಗಂಟೆ ಮೇಲೇ ಹಿಡಿಯುತ್ತೆ. ಲೇಟಾಗಿ ಹೋಗ್ಬೇಡಿ.

ಒಲೆಮುಂದೆ:
ಇಂಥದ್ದೇ ಒಂದು ಅಡುಗೆಮನೇಲಿ ನಾಲ್ಕು ವರ್ಷ ಕೆಲಸ ಮಾಡಿದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಅಲರ್ಜಿ ವಿಷಯ ಇವತ್ತೇ ಫೋನ್ ಮಾಡಿ ಹೇಳಿ. ಟೇಬಲ್ ಮುಂದೆ ಕೂತು ಹೇಳಿದ್ರೆ ಬೀಜ ತೆಗೆದು ಕೊಡೋದು ಬಿಟ್ಟು ಬೇರೆ ದಾರಿ ಇರಲ್ಲ, ಸಾಸ್‌ಗೆ ರುಬ್ಬಿ ಹಾಕಿರೋದನ್ನ ತೆಗೆಯೋದು ಹೇಗೆ? ಮೊದಲೇ ಗೊತ್ತಿದ್ರೆ ಅವರಿಗೆ ಅಂತ ಬೇರೆ ಕೋರ್ಸೇ ಯೋಚನೆ ಮಾಡ್ತಾರೆ. ಬದನೆಕಾಯಿ ಹೇಳೋದು ಬಿಡೋದು ನಿಮ್ಮಿಷ್ಟ, ನನ್ನ ಕೇಳಿದ್ರೆ ಹೇಳೋಕೆ ಹೋಗ್ಬೇಡಿ.

ಮೆನು ಹಾಕಿಲ್ಲ ಅಂತ ಬೇಜಾರಾಗ್ಬೇಡಿ, ಅದು ಹಳೇ ಪದ್ಧತಿ. 1971ರಲ್ಲಿ ಆಲಿಸ್ ವಾಟರ್ಸ್ ಅನ್ನೋ ಶೆಫ್ ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶೆ ಪನೀಸ್ ಅನ್ನೋ ರೆಸ್ಟೋರೆಂಟ್ ಶುರು ಮಾಡಿದಾಗ್ಲೂ ದಿನಕ್ಕೆ ಒಂದೇ ಊಟ, ಆರಿಸ್ಕೊಳೋ ಮಾತೇ ಇರಲಿಲ್ಲ. ನಮ್ಮ ಅಡುಗೆಮನೆಗೆ ಬೆಳಿಗ್ಗೆ ತೋಟದವರು ಒಂದು ಚೀಟಿ ತಂದು ಕೊಡೋರು, ಯಾವುದು ಎಷ್ಟು ಕೆಜಿ ಬಂದಿದೆ, ಯಾವುದು ಇನ್ನೆರಡು ದಿನ ಕಾಯ್ಬೇಕು, ಯಾವುದಕ್ಕೆ ಹುಳ ಬಿದ್ದಿದೆ ಅಂತ. ಒಂದು ದಿನ ಬಟಾಣಿ ಆರು ಕೆಜಿ ಬರುತ್ತೆ ಅಂದ್ಕೊಂಡಿದ್ದು ಎರಡೇ ಕೆಜಿ ಬಂತು. ಶೆಫ್ ಬೈಲಿಲ್ಲ ಏನಿಲ್ಲ, ಚೀಟಿ ತಿರುಗಿಸಿ ಹಿಂದೆ ಹೊಸ ಮೆನು ಬರೆದು ಕೈಗೆ ಕೊಟ್ರು, ಬಟಾಣಿ ಒಬ್ಬೊಬ್ಬರಿಗೆ ಒಂದು ಚಮಚ, ಅದರ ಸಿಪ್ಪೆ ಕುದಿಸಿ ಸೋಸಿದ ಸಾರ ಅದರ ಸುತ್ತ. ಬಟಾಣಿ ಕಿತ್ತ ಗಳಿಗೆಯಿಂದ ಅದರ ಸಿಹಿ ಕಮ್ಮಿಯಾಗಿ ಹಿಟ್ಟುಹಿಟ್ಟಾಗ್ತಾ ಹೋಗುತ್ತೆ, ಅದಕ್ಕೇ ಅಲ್ಲಿ ಅಷ್ಟು ಅವಸರ. ಟೊಮೇಟೊ ಅಂತೂ ಫ್ರಿಜ್ಜಿಗೆ ಇಟ್ಟವನ ಕಥೆ ಮುಗೀತು, ತಣ್ಣಗಾದ್ರೆ ಘಮ ಹೋಗಿಬಿಡುತ್ತೆ.

ಉಪ್ಪುಹುಳಿ:
ಎಲ್ಲಾರೂ ಒಳ್ಳೇದೇ ಹೇಳ್ತಿದೀರ, ನಾನು ಸ್ವಲ್ಪ ಹುಳಿ ಹಿಂಡ್ತೀನಿ. 2016ರಲ್ಲಿ ಟ್ಯಾಂಪಾ ಬೇ ಟೈಮ್ಸ್ ಪತ್ರಿಕೆಯವರು ಫ್ಲೋರಿಡಾದ ರೆಸ್ಟೋರೆಂಟುಗಳು ಬೋರ್ಡಿನ ಮೇಲೆ ಹಾಕಿದ್ದ ಹೊಲಗಳ ಹೆಸರು ಹಿಡಿದು ಒಂದೊಂದೇ ಹೊಲಕ್ಕೆ ಫೋನ್ ಮಾಡಿ ಕೇಳಿದ್ರು, ಎಷ್ಟೋ ಹೊಲದವರು ನಾವು ಅವರಿಗೆ ಮಾರೋದೇ ಇಲ್ಲ ಅಂದ್ರು. ಫಾರ್ಮ್ ಟು ಟೇಬಲ್ ಅಂತ ಬೋರ್ಡ್ ಬರೆಸೋಕೆ ಸೀಮೆಸುಣ್ಣ ಇದ್ರೆ ಸಾಕು. ರೆಸ್ಟೋರೆಂಟುಗಳಿಗೆ ನಕ್ಷತ್ರ ಕೊಡೋ ಮಿಶೆಲಿನ್ ಗೈಡ್‌ನೋರು 2020ರಲ್ಲಿ ಪರಿಸರಕ್ಕೆ ಹೊಂದಿಕೊಂಡು ನಡೆಯೋ ಜಾಗಗಳಿಗೆ ಹಸಿರು ನಕ್ಷತ್ರ ಅಂತ ಕೊಡೋಕೆ ಶುರು ಮಾಡಿದ್ರು, ಅದು ಸಿಕ್ಕಿರೋ ಜಾಗ ಆದ್ರೆ ಸ್ವಲ್ಪ ಸಮಾಧಾನ, ಆದ್ರೆ ಅದಿಲ್ಲದ ಪ್ರಾಮಾಣಿಕ ಜಾಗಗಳೂ ಬೇಕಾದಷ್ಟಿವೆ.

ನನಗೆ ಆದದ್ದು ಕೇಳಿ. ಹೆಸರು ಬೇಡ. ಕೊರೆಯೋ ಚಳೀಲಿ ಹೋಗಿದ್ವಿ, ಪ್ರತಿ ತಟ್ಟೆಗೂ ಐದೈದು ನಿಮಿಷ ಭಾಷಣ, ನಮ್ಮ ಮಣ್ಣು, ನಮ್ಮ ರೈತರು, ನಮ್ಮ ಋತು. ಅಷ್ಟೊತ್ತಿಗೆ ತಟ್ಟೆ ತಣ್ಣಗೆ. ಕೊನೇಲಿ ಸಿಹಿಗೆ ಏನು ಬಂತು? ಕೆಂಪಗೆ ಹೊಳೀತಿರೋ ತಾಜಾ ಸ್ಟ್ರಾಬೆರಿ, ಹಿಮ ಬೀಳೋ ಊರಲ್ಲಿ ಅದು ಬೇಸಿಗೆ ಹಣ್ಣು. ಇದ್ಯಾವ ಹೊಲದ್ದಪ್ಪ ಅಂತ ಕೇಳಿದ್ರೆ ಬಡಿಸೋ ಹುಡುಗ ಕೇಳ್ಕೊಂಡು ಬರ್ತೀನಿ ಅಂತ ಹೋದೋನು ಬಿಲ್ ಜೊತೆನೇ ಬಂದ.

ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಉತ್ತರ ಇದು. ಇದು ಎಲ್ಲಿಂದ ಬಂತು ಅಂತ ಕೇಳ್ಬೇಡಿ, ಆ ಹುಡುಗ ಸಿಕ್ಕಿಬಿದ್ದ ಅಷ್ಟೇ, ಸಾಮಾನ್ಯವಾಗಿ ಅದಕ್ಕೆ ಎಲ್ಲರೂ ಉತ್ತರ ಬಾಯಿಪಾಠ ಮಾಡಿರ್ತಾರೆ. ಈ ವಾರ ಏನು ಸಿಗಲಿಲ್ಲ ಅಂತ ಕೇಳಿ. ಬದನೆಕಾಯಿನೂ ಇಂಥ ಕಡೆ ಬೇಸಿಗೆ ಬೆಳೆನೇ, ಈ ಚಳೀಲಿ ನಿಮ್ಮ ತಟ್ಟೆಗೆ ಅದು ಬಂದ್ರೆ ಸುಳ್ಳು ಅಂತ ತಿಳ್ಕೊಳ್ಳಿ.

ಒಲೆಮುಂದೆ:
@ಉಪ್ಪುಹುಳಿ ಏನು ಸಿಗಲಿಲ್ಲ ಅನ್ನೋ ಪ್ರಶ್ನೆ ಭಾರೀ ಇದೆ, ಕದ್ದೆ. ಬದನೆಕಾಯಿ ಮಾತಿಗೆ ಮಾತ್ರ ಅರ್ಧ ಒಪ್ತೀನಿ. ಬೇಸಿಗೇಲಿ ಬೆಳೆದದ್ದನ್ನ ಉಪ್ಪು ವಿನೆಗರಲ್ಲಿ ಹಾಕಿ ಜಾಡಿ ತುಂಬಿಸಿ ಇಡೋದೇ ಇಂಥ ಜಾಗಗಳ ಅರ್ಧ ಕೆಲಸ, ನಮ್ಮಲ್ಲಿ ಒಂದು ಗೋಡೆ ಪೂರ್ತಿ ಜಾಡಿಗಳೇ ಇದ್ವು. ಇಲ್ಲಾಂದ್ರೆ ಚಳಿಗಾಲ ಪೂರ್ತಿ ಬರೀ ಗೆಡ್ಡೆ ತಿನ್ನಿಸ್ಬೇಕಾಗುತ್ತೆ.

ಹೊಸಬಾಣಲೆ:
ಹೋಗಿ ಬಂದ್ವಿ, ಹೇಳ್ತೀನಿ ಅಂದಿದ್ನಲ್ಲ ಅಂತ ಬರೀತಿದೀನಿ, ಅಂದಿರಲಿಲ್ವೇನೋ, ಇರ್ಲಿ.

ಹೊಟ್ಟೆ ತುಂಬಿತು. ಬ್ರೆಡ್ಡು ಒಂದೇ ತುಂಡು ತಿಂದೆ, ಬಹಳ ಕಷ್ಟ ಆಯ್ತು. ಅವಳ ಅಲರ್ಜಿ ಫೋನಲ್ಲಿ ಹೇಳಿದ್ದೆ, ಎರಡು ಕೋರ್ಸಲ್ಲಿ ಅವಳಿಗೆ ಬೇರೆನೇ ತಟ್ಟೆ ಬಂತು, ನಿಜ ಹೇಳ್ಬೇಕಂದ್ರೆ ಅವಳದ್ದೇ ಚೆನ್ನಾಗಿತ್ತು. ಒಂದೆರಡು ಕೋರ್ಸ್ ಸುಮ್ನೆ, ನೊರೆ ಮೇಲೆ ನೊರೆ, ಮರ್ತೂ ಹೋಯ್ತು.

ಆದ್ರೆ ಒಂದು ಕ್ಯಾರೆಟ್ ಬಂತು ನೋಡಿ. ಒಂದೇ ಒಂದು, ಕಿರುಬೆರಳಿಗಿಂತ ಸ್ವಲ್ಪ ದಪ್ಪ, ಕೆಂಡದ ಬೂದೀಲಿ ಸುಟ್ಟದ್ದು, ಸಿಪ್ಪೆ ಸುಕ್ಕಾಗಿ ಕರ್ರಗೆ. ಇದೇನಪ್ಪ ಅಂತ ನಕ್ವಿ. ಚಾಕು ಇಟ್ರೆ ಒಳಗೆ ಹಣ್ಣಿನ ಜಾಮ್ ಹಾಗೆ ಮೆತ್ತಗೆ, ಬಾಯಿಗೆ ಹಾಕಿದ್ರೆ ಸಕ್ಕರೆ ಹಾಕಿದಾರೆ ಅನ್ನೋಷ್ಟು ಸಿಹಿ, ಹಿಂದಿಂದ ಹೊಗೆ ವಾಸನೆ. ಅವಳು ಮಾತಾಡ್ತಿದ್ದೋಳು ಅರ್ಧಕ್ಕೇ ನಿಲ್ಲಿಸಿದ್ಳು. ಸಕ್ಕರೆ ಹಾಕಿಲ್ಲವಂತೆ, ಹಿಮ ಬಿದ್ದಾಗ ಕ್ಯಾರೆಟ್ ಹೆಪ್ಪುಗಟ್ಟದೇ ಇರೋಕೆ ತನ್ನಲ್ಲಿ ಸಕ್ಕರೆ ಹೆಚ್ಚಿಸ್ಕೊಳುತ್ತಂತೆ, ಅದಕ್ಕೆ ಬೇಕಂತಲೇ ಮಣ್ಣಲ್ಲೇ ಬಿಟ್ಟಿದ್ರಂತೆ.

@ಉಪ್ಪುಹುಳಿ ನಿಮ್ಮ ಪ್ರಶ್ನೆ ಕೇಳಿದೆ. ಬಡಿಸೋ ಹುಡುಗಿ ತಟ್ ಅಂತ ಹೇಳಿದ್ಳು, ಪಾಲಕ್ ಪೂರ್ತಿ ಹಿಮಕ್ಕೆ ಸುಟ್ಟೋಯ್ತು, ನೀವು ಐದನೇದು ತಿಂದ್ರಲ್ಲ ಅಲ್ಲಿ ಪಾಲಕ್ ಇರ್ಬೇಕಿತ್ತು ಅಂತ. ಐದನೇದರಲ್ಲಿ ಅದರ ಬದಲು ಕಪ್ಪಗೆ ಹುಳಿಹುಳಿಯಾಗಿ ಮೆತ್ತಗಿನ ಒಂದು ಪೀಸ್ ಇತ್ತು, ನಾನು ಬೆರಳು ನೆಕ್ಕಿಕೊಂಡು ತಿಂದಿದ್ದೆ. ಏನದು ಅಂದೆ. ಬೇಸಿಗೇಲಿ, ಆಗಸ್ಟಲ್ಲಿ ಜಾಡಿಗೆ ಹಾಕಿದ ಬದನೆಕಾಯಿ ಸರ್ ಅಂದ್ಳು. ಹೆಂಡ್ತಿ ಇನ್ನೂ ನಗ್ತಿದಾಳೆ.

ಆ ಕ್ಯಾರೆಟ್ ಯಾವ ತಳಿ ಅಂತ ಕೇಳೋಕೆ ಮರ್ತುಬಿಟ್ಟೆ. ಈಗ ಮೇಲ್ ಹಾಕಿ ಕೇಳಿದ್ರೆ ಅತಿ ಆಗುತ್ತಾ?

ಒಲೆಮುಂದೆ:
ಹಾಕಿ. ಶೆಫ್‌ಗಲ್ಲ, ತೋಟದವರಿಗೆ ಅಂತ ಬರೆದು ಹಾಕಿ, ಅವರನ್ನ ಯಾರೂ ಏನೂ ಕೇಳಲ್ಲ, ಎರಡು ಪುಟ ಉತ್ತರ ಬರುತ್ತೆ.