ಅಪ್‌ಡೇಟ್: ಬಿಲ್ಲಿನ ಸೈಟ್ ಜಾರುತ್ತಿದ್ದ ಸಮಸ್ಯೆ

ಶಿರಸಿಯ ನಮ್ಮ ಮನೆಯಂಗಳದಲ್ಲಿ 18 ಮೀಟರ್ ದೂರದ ಗುರಿಗೆ ಬಾಣ ಬಿಡುವಾಗ, ನಾನೇ ತಯಾರಿಸಿದ ಸೈಟ್ (ಗುರಿ ಹಿಡಿಯಲು ಬಿಲ್ಲಿಗೆ ಜೋಡಿಸುವ ಸಾಧನ) ಪ್ರತಿ ಹೊಡೆತಕ್ಕೂ ಜಾರುತ್ತದೆ ಎಂದು ಹಿಂದೆ ಕೇಳಿದ್ದೆ. ನೀವು ಸೂಚಿಸಿದಂತೆ ಮರದ ಜಾರುಪಟ್ಟಿಯನ್ನು ಕೈಬಿಟ್ಟು, ಪೂರ್ತಿ ಒಂದು ಸುತ್ತು ತಿರುಗಿಸಿದರೆ 0.8 ಮಿ.ಮೀ. ಸರಿಯುವ ಎಂ5 (5 ಮಿ.ಮೀ. ದಪ್ಪದ) ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಪಿನ್ (ಗುರಿಗೆ ಹೊಂದಿಸಿ ನೋಡುವ ಮೊನೆ) ಕೂರಿಸಿ, ನಟ್ಟಿನ ಸಡಿಲು ಹೋಗಲೆಂದು ಒಂದು ಸ್ಪ್ರಿಂಗ್ ಸೇರಿಸಿದ್ದೇನೆ. ನಮ್ಮ ಮಳೆಗಾಲಕ್ಕೆ ಮಾಮೂಲಿ ಕಬ್ಬಿಣ ತಾಳುವುದಿಲ್ಲ. ಕಣ್ಣಿನಿಂದ ಪಿನ್ನಿಗೆ 90 ಸೆಂ.ಮೀ. ಅಂತರವಿರುವುದರಿಂದ ಪಿನ್ 1 ಮಿ.ಮೀ. ಸರಿದರೆ ಗುರಿಯಲ್ಲಿ 20 ಮಿ.ಮೀ., ಅಂದರೆ ಒಂದು ಸುತ್ತಿನಲ್ಲಿ 16 ಮಿ.ಮೀ. ವ್ಯತ್ಯಾಸವಾಗುತ್ತದೆ. ಬಾಣ ಗುರಿಗಿಂತ ಕೆಳಗೆ ಬಿದ್ದರೆ ಪಿನ್ನನ್ನೂ ಕೆಳಗಿಳಿಸಬೇಕು. ನಾನು ತಿಂಗಳುಗಟ್ಟಲೆ ಮೇಲೇರಿಸುತ್ತಿದ್ದೆ (ದಯವಿಟ್ಟು ನಗಬೇಡಿ). ಈಗ ಎತ್ತರ ಸ್ಥಿರವಾಗಿದೆ, ಎಡಬಲದ ಹೊಂದಾಣಿಕೆ ಮಾತ್ರ ಇನ್ನೂ ಎರಡು ನಟ್ಟುಗಳ ಬಿಗಿತವನ್ನೇ ನಂಬಿಕೊಂಡಿದೆ.