‘ಟ್ಯಾಪ್ ಮಾಡಿ’: ತಟ್ಟಿ, ತಾಗಿಸಿ, ಹಿಡಿಯಿರಿ – ಯಾವುದು?

ನಮಸ್ಕಾರ. ಮೆಟ್ರೊ ಗೇಟು ಮತ್ತು ಅಂಗಡಿಯ ಕಾರ್ಡ್ ಮೆಷಿನ್ ಬಳಸುವ ಬಗ್ಗೆ ಕನ್ನಡದಲ್ಲಿ ಸೂಚನೆ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ಟ್ಯಾಪ್’ಗೆ ‘ತಟ್ಟಿ’ ಎಂದೂ ‘ಕಾಂಟ್ಯಾಕ್ಟ್‌ಲೆಸ್’ಗೆ ‘ಸಂಪರ್ಕರಹಿತ’ ಎಂದೂ ಇದೆ. ಎರಡೂ ಸರಿಹೊಂದುತ್ತಿಲ್ಲ. ಸ್ವೈಪ್ ಮಾಡುವುದಕ್ಕೆ ಜನ ‘ಉಜ್ಜು’ ಅನ್ನುತ್ತಾರಲ್ಲ, ಅಷ್ಟು ಸಲೀಸಾದ ಮಾತು ಇದಕ್ಕೂ ಇದೆಯೇ?

*

‘ತಟ್ಟಿ’ ಖಂಡಿತ ಬೇಡ. ಕದ ತಟ್ಟಿದ ಹಾಗೆ ಟಕ್ಕನೆ ಮುಟ್ಟಿಸಿ ಎಳೆದುಕೊಳ್ಳುವುದರಿಂದಲೇ ಗೇಟು ತೆರೆಯದೆ ಸತಾಯಿಸುವುದು. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ರೀಡರ್ ಹೊಮ್ಮಿಸುವ 13.56 ಮೆಗಾಹರ್ಟ್ಸ್ ಅಲೆಯಿಂದ ಅದರೊಳಗಿನ ತಂತಿಸುರುಳಿ ವಿದ್ಯುತ್ತು ಪಡೆಯಬೇಕು, ಚಿಪ್ ಏಳಬೇಕು, ಯಾವ ನಿಲ್ದಾಣದಲ್ಲಿ ಒಳಬಂದಿರಿ ಎಂಬುದನ್ನು ಬರೆಸಿಕೊಳ್ಳಬೇಕು. ಇಷ್ಟಕ್ಕೆ ಅರ್ಧ ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ನಡುವೆ ಎಳೆದರೆ ಬರವಣಿಗೆ ಅರ್ಧಕ್ಕೇ ನಿಲ್ಲುತ್ತದೆ.

ಆದ್ದರಿಂದ ‘ಹಿಡಿಯಿರಿ’. ಪೂರ್ತಿ ವಾಕ್ಯ ಹೀಗಿರಲಿ: ‘ಕಾರ್ಡನ್ನು ಪರ್ಸಿನಿಂದ ಹೊರತೆಗೆದು, ಗುರುತಿನ ಮೇಲೆ ಚಪ್ಪಟೆಯಾಗಿ ಹಿಡಿಯಿರಿ, ಬೀಪ್ ಕೇಳುವ ತನಕ ಕದಲಿಸಬೇಡಿ.’ ಪರ್ಸಿನ ಮಾತು ಬಿಡಬೇಡಿ. ಒಳಗೆ ಅಂಥವೇ ಎರಡು ಕಾರ್ಡಿದ್ದರೆ ರೀಡರ್‌ಗೆ ಎರಡೂ ಕಾಣುತ್ತವೆ. ಒಂದನ್ನೇ ಹಿಡಿಯಿರಿ ಎಂದು ಅದು ತಿರಸ್ಕರಿಸಬಹುದು, ಇಲ್ಲವೇ ನೀವು ಎಣಿಸದ ಕಾರ್ಡಿನಿಂದ ಹಣ ಹೋಗಬಹುದು. ‘ತಾಗಿಸಿ’ ಎಂದರೂ ನಡೆಯುತ್ತದೆ. ನಾಲ್ಕು ಸೆಂಟಿಮೀಟರಿನೊಳಗೆ ಬಂದರೆ ಸಾಕು, ತಾಗಲೇಬೇಕೆಂದಿಲ್ಲ. ತಾಗಿದರೆ ನಷ್ಟವೂ ಇಲ್ಲ.

‘ತೋರಿಸಿ’ಯನ್ನು ಕ್ಯೂಆರ್ ಟಿಕೆಟ್ಟಿಗೆ ಮೀಸಲಿಡಿ. ಅಲ್ಲಿ ಫೋನಿನ ಪರದೆ ರೀಡರ್‌ನ ಕಡೆ ಇರಬೇಕು. ಎನ್‌ಎಫ್‌ಸಿಗಾದರೆ, ಅಂದರೆ ಫೋನನ್ನೇ ಕಾರ್ಡಿನಂತೆ ರೀಡರ್ ಹತ್ತಿರ ಹಿಡಿಯುವುದಾದರೆ, ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಬೆನ್ನು, ಐಫೋನಿನಲ್ಲಿ ಮೇಲಂಚು. ಒಂದೇ ಪದ ಹಾಕಿದರೆ ಜನ ಪರದೆಯನ್ನೇ ಒಡ್ಡುತ್ತಾರೆ. ಲೋಹದ ಕವರ್ ಇದ್ದರಂತೂ ಬೆನ್ನು ಒಡ್ಡಿದರೂ ಉಪಯೋಗವಿಲ್ಲ. ಟೋಕನ್ನಿಗೆ ಎರಡು ಕ್ರಿಯಾಪದ ಬೇಕು: ಒಳಹೋಗುವಾಗ ಹಿಡಿಯುವುದು, ಹೊರಬರುವಾಗ ಕಿಂಡಿಗೆ ಹಾಕುವುದು.

‘ಸಂಪರ್ಕರಹಿತ’ ಅಂದರೆ ನೆಟ್‌ವರ್ಕ್ ಹೋಗಿದೆ ಎಂದೇ ಓದಿಕೊಳ್ಳುತ್ತಾರೆ! ‘ಕಾಂಟ್ಯಾಕ್ಟ್‌ಲೆಸ್’ ಹಾಗೇ ಇರಲಿ, ಪಕ್ಕದಲ್ಲಿ ಆ ನಾಲ್ಕು ಕಮಾನಿನ ಚಿಹ್ನೆ ಹಾಕಿ. ಅಂಗಡಿಯ ಸೂಚನೆಯಲ್ಲಿ ‘ಪಿನ್ ಬೇಡ’ ಎಂದು ಸುಮ್ಮನೆ ಬರೆದುಬಿಡಬೇಡಿ. ರಿಸರ್ವ್ ಬ್ಯಾಂಕ್ 2021ರ ಜನವರಿಯಿಂದ ಪಿನ್ ಇಲ್ಲದ ಪಾವತಿಯ ಮಿತಿಯನ್ನು 2,000ದಿಂದ 5,000 ರೂಪಾಯಿಗೆ ಏರಿಸಿತು. ಅದಕ್ಕೆ ಮೇಲ್ಪಟ್ಟರೆ ಕಾರ್ಡ್ ಹಿಡಿದ ಮೇಲೂ ಪಿನ್ ಒತ್ತಬೇಕು.

‘ರೀಚಾರ್ಜ್’ ಕೂಡ ಬಿಡಿಸಿ ಹೇಳಬೇಕಾದದ್ದು. ಮೆಟ್ರೊ, ಬಸ್ಸು, ಅಂಗಡಿಗಳಿಗೆ ಒಂದೇ ಕಾರ್ಡಾದ ಎನ್‌ಸಿಎಂಸಿಗೆ ಆ್ಯಪ್‌ನಲ್ಲಿ ಹಣ ಕಟ್ಟಿದೊಡನೆ ಅದು ಚಿಪ್ಪಿಗೆ ಬಂದು ಕೂರುವುದಿಲ್ಲ. ಆಮೇಲೆ ಯಂತ್ರದ ಮೇಲೆ ಕಾರ್ಡ್ ಹಿಡಿದು ಬ್ಯಾಲೆನ್ಸ್ ಅಪ್‌ಡೇಟ್ ಮಾಡಿಸಬೇಕು. ‘ಹಣ ಕಟ್ಟಿ, ಆಮೇಲೆ ಕಾರ್ಡಿಗೆ ಏರಿಸಿ’ ಎಂದು ಎರಡು ಹೆಜ್ಜೆಯಾಗಿಯೇ ಬರೆಯಿರಿ. ಖಾತೆಯಿಂದ ಹಣ ಹೋಗಿಯೂ ಗೇಟು ತೆರೆಯಲಿಲ್ಲ ಎಂಬ ದೂರಿಗೆ ಇದೊಂದು ಮುಖ್ಯ ಕಾರಣ.

*

ಒಂದು ಸೇರ್ಪಡೆ. ಹುಬ್ಬಳ್ಳಿ-ಧಾರವಾಡದ ಕಡೆ ಫೋನನ್ನೂ ‘ಹಚ್ಚು’ತ್ತಾರೆ, ಟಿವಿಯನ್ನೂ ‘ಹಚ್ಚು’ತ್ತಾರೆ, ‘ಕಾರ್ಡ್ ಹಚ್ಚ್ರಿ’ ಅಂದರೆ ಅಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಬೆಂಗಳೂರಿನ ಗೇಟಿನಲ್ಲಿ ಅದು ದೀಪ ಹಚ್ಚಿದಂತೆ ಕೇಳೀತು, ಅಲ್ಲಿಗೆ ‘ಹಿಡಿಯಿರಿ’ಯೇ ವಾಸಿ. ಫಾಸ್ಟ್ಯಾಗ್‌ಗೆ ಮಾತ್ರ ಇವ್ಯಾವುದೂ ಒಗ್ಗದು. ಅದು ಬೇರೆ ತರಂಗಾಂತರದ್ದು, ಕೆಲವು ಮೀಟರ್ ದೂರದಿಂದಲೇ ಓದಿಸಿಕೊಳ್ಳುತ್ತದೆ. ಗಾಜಿಗೆ ಅಂಟಿಸುವುದಷ್ಟೇ ನಮ್ಮ ಕೆಲಸ.